ಕೊಂಬಿಲ್ಲದ ಅಳಿಯ

ಮಕ್ಕಳೇ, ಬಾಯಲ್ಲಿರುವ ಹುರಿಗಡಲೆಯನ್ನು ಮೊದಲು ಅಗಿದು ನುಂಗಿ. ಕುರುಂ ಕುರುಂ ಸದ್ದಿನಲ್ಲಿ ನನ್ನ ಕತೆ ನನಗೇ ಕೇಳಿಸುವುದಿಲ್ಲ. ಆಯಿತಾ? ಹಾಗಾದರೆ ಬನ್ನಿ, ಜೊಂಡುಕೆರೆಗೆ ಹೋಗೋಣ.

ಜೊಂಡುಕೆರೆಯ ಸುತ್ತ ಆಳೆತ್ತರದ ಜೊಂಡುಹುಲ್ಲು. ಕೆರೆಯ ಆಚೆ ಕಪ್ಪು ಎರೆಮಣ್ಣಿನ ಬಯಲು. ಬಯಲು ದಾಟಿದರೆ ಮೂರುಕಲ್ಲು ಗುಡ್ಡ. ಗುಡ್ಡದಿಂದ ಕೆರೆಗೆ ಇಳಿದು ಬರುವ ಒಂದು ಹಳ್ಳ, ಅದರ ಉದ್ದಕ್ಕೂ ಮತ್ತೆ ಜೊಂಡು. ಅಲ್ಲೊಂದು ಕರಿಕುರಿಗಳ ಮಂದೆ ಇತ್ತು. ಬೇಸಿಗೆಯಲ್ಲಿ ಕೆರೆಯ ದಡದಲ್ಲಿ ಮೇಯುವುದು, ಮಳೆಗಾಲ ಬಂತೆಂದರೆ ಗುಡ್ಡ ಹತ್ತಿ ಮೇಲಿನ ಗವಿಯಲ್ಲಿ ಬೆಚ್ಚಗೆ ಇರುವುದು ಅವರ ವಾಡಿಕೆ.

ಮಂದೆಯ ಯಜಮಾನ ಸುರುಳಪ್ಪ ಎಂಬ ಟಗರು. ಅವನ ಕೊಂಬುಗಳು ಎರಡೆರಡು ಸುತ್ತು ಸುತ್ತಿಕೊಂಡು ಕೆನ್ನೆಯ ಪಕ್ಕಕ್ಕೆ ಬಂದು ನಿಂತಿದ್ದವು. ಎಡಗಡೆ ಯಾರಾದರೂ ಕರೆದರೆ ಇಡೀ ಮೈಯನ್ನೇ ಎಡಕ್ಕೆ ತಿರುಗಿಸಬೇಕಿತ್ತು. ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ.

"ಕೊಂಬೇ ಕುಲದ ಗುರುತು," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ.

ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆ. ಬಂಡೆಯ ಮೇಲೊಂದು ಗುಣಿ. ಅದೇ ಅವರ ಅಳತೆಗಲ್ಲು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಮದುವೆ ನಡೆಯುತ್ತಿತ್ತು. ಕುರಿಗಳಲ್ಲಿ ವರ್ಷ ವರ್ಷವೂ ಹೊಸದಾಗಿ ಮದುವೆ. ನಗಬೇಡಿ, ಅವರ ಪದ್ಧತಿ ಅವರಿಗೆ. ಟಗರುಗಳೆಲ್ಲ ಸಾಲಾಗಿ ಬಂದು ಗುಣಿಯೊಳಗೆ ತಲೆ ತೂರಿಸಬೇಕು. ಯಾರ ಕೊಂಬು ಒಳಗೆ ಹಿಡಿಸದೆ ಅಡ್ಡ ನಿಲ್ಲುತ್ತದೋ ಅವರೇ ಮದುಮಕ್ಕಳು, ಅವರೇ ಮಂದೆಗೆ ಅಳಿಯಂದಿರು. ಉಳಿದವರು ಊಟ ಮಾಡಿ ಮನೆಗೆ ಹೋಗಬೇಕು, ಅಷ್ಟೆ.

ಪ್ರತಿ ವರ್ಷ ಗೆಲ್ಲುತ್ತಿದ್ದವರು ಯಾರು ಹೇಳಿ? ಸುರುಳಪ್ಪನ ಮಗ, ಇಲ್ಲವೇ ತಮ್ಮ, ಇಲ್ಲವೇ ಮೊಮ್ಮಗ. ಎಷ್ಟೋ ತಲೆಮಾರಿನಿಂದ ಅದೇ ಮನೆಯವರು ಅದೇ ಮನೆಯವರನ್ನು ಮದುವೆಯಾಗಿ, ಅತ್ತೆಯೂ ಅವಳೇ, ಅತ್ತಿಗೆಯೂ ಅವಳೇ ಆಗಿ, ಯಾರು ಯಾರನ್ನು ಏನೆಂದು ಕರೆಯಬೇಕು ಎಂಬುದೇ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಅದರಿಂದ ಏನಾಯಿತು? ಮರಿಗಳು ಹುಟ್ಟುವಾಗಲೇ ಹಣೆಯ ಮೇಲೆ ಕೊಂಬಿನ ದಪ್ಪ ಗಂಟು. ತಲೆ ಮಡಕೆಯಷ್ಟು, ಮೈ ಹಿಡಿಯಷ್ಟು! ಎದ್ದು ನಿಂತರೆ ತಲೆಯ ಭಾರಕ್ಕೆ ಮೂಗು ನೆಲಕ್ಕೆ ಕುಟ್ಟುತ್ತಿತ್ತು. ತಾಯಿಯ ಕೆಚ್ಚಲಿನವರೆಗೆ ಮುಖ ಎತ್ತಲಾಗದೆ ಎಷ್ಟೋ ಮರಿಗಳು ಹಸಿದೇ ಸಾಯುತ್ತಿದ್ದವು.

ಈ ಮಂದೆಯಲ್ಲಿ ಹಾಲವ್ವ ಎಂಬ ಕುರಿ ಇದ್ದಳು. ನೀಳವಾದ ಗಟ್ಟಿ ಕಾಲು, ತುಂಬಿದ ಕೆಚ್ಚಲು. ಆದರೆ ಕುಡಿಯುವ ಬಾಯಿ ಇರಲಿಲ್ಲ. ಅವಳ ಮೊದಲ ಸೂಲಿನ ಮರಿ ತಲೆ ಎತ್ತಲಾರದೆ ಮೂರನೆಯ ದಿನ ಕಣ್ಣು ಮುಚ್ಚಿತು. ಎರಡನೆಯದು ಎದ್ದಿತು, ಎರಡು ಹೆಜ್ಜೆ ಇಟ್ಟಿತು, ಮುಗ್ಗರಿಸಿ ಬಿದ್ದಿತು, ಮತ್ತೆ ಏಳಲಿಲ್ಲ. ಹಾಲವ್ವ ನಡೆದ ದಾರಿಯಲ್ಲೆಲ್ಲ ಹಾಲು ತೊಟ್ಟಿಕ್ಕಿ, ಹಿಂದೆ ಇರುವೆಗಳ ಸಾಲು ಹತ್ತುತ್ತಿತ್ತು.

ಅವಳ ಬೆನ್ನ ಮೇಲೆ ಕೂತು ಹುಳು ಹೆಕ್ಕುವ ಗೊರವಂಕ ಹಕ್ಕಿಯ ಹೆಸರು ಚೂಟಿ. ಬಾಯಿಗೆ ಬೀಗವಿಲ್ಲದ ಹಕ್ಕಿ.

"ಅಕ್ಕಾ, ಹಿಂದೆ ನಿನ್ನ ಮೆರವಣಿಗೆ ಬರ್ತಾ ಇದೆ ನೋಡು!" ಎಂದು ಅದು ಒಂದು ದಿನ ತಮಾಷೆ ಮಾಡಿತು.

"ಇರುವೆ ಕುಡಿಯುತ್ತೆ ಕಣೇ ಚೂಟಿ. ನನ್ನ ಮರಿ ಕುಡಿಯಲಿಲ್ಲ," ಎಂದಳು ಹಾಲವ್ವ. ಅವಳ ಕಣ್ಣು ತುಂಬಿ ಬಂತು. "ನನಗೆ ಬೇರೇನೂ ಬೇಡ. ಬಾಲ ಪಟಪಟ ಅಲ್ಲಾಡಿಸಿಕೊಂಡು ಹಾಲು ಕುಡಿಯೋ ಒಂದೇ ಒಂದು ಮರಿ ಸಾಕು."

ಚೂಟಿ ಅವಳ ಕಿವಿಯ ಪಕ್ಕಕ್ಕೆ ಜರುಗಿ ಒತ್ತಿಕೊಂಡು ಕೂತಿತು.

ಆ ಸಂಜೆಯೇ ಹಾಲವ್ವ ಯಜಮಾನನ ಎದುರು ಹೋಗಿ ನಿಂತಳು.

"ಮಾವ, ಹೋದ ವರ್ಷ ಹುಟ್ಟಿದ ಹತ್ತು ಮರಿಗಳಲ್ಲಿ ಎಷ್ಟು ಉಳಿದವು?"

"ನಾಲ್ಕು. ಏನೀಗ?"

"ಅದರ ಹಿಂದಿನ ವರ್ಷ ಆರು. ಹೀಗೇ ಆದರೆ ಮುಂದೆ ಗವಿಯಲ್ಲಿ ಬಾವಲಿಗಳು ಮಾತ್ರ ಇರ್ತವೆ. ನಮ್ಮ ಮರಿಗಳ ಕಾಲು ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ತಲೆಯದೇ ಕಾಟ. ಎಲ್ಲಾ ಒಂದೇ ಮನೆಯ ಸಂಬಂಧ ಆಯ್ತಲ್ಲ ಮಾವ, ಹೊರಗಿನಿಂದ ಒಬ್ಬ ಗಂಡು ತಂದರೆ ಹೇಗೆ?"

ಸುರುಳಪ್ಪ ಇಡೀ ಮೈ ತಿರುಗಿಸಿ ಅವಳನ್ನು ನೋಡಿದ.

"ಹೊರಗಿನವನಾ? ಛೆ ಛೆ! ಮರಿಗಳು ಯಾಕೆ ಸಾಯ್ತವೆ ಅಂತ ನನಗೆ ಗೊತ್ತು. ಮದುಮಕ್ಕಳ ಕೊಂಬು ಸಾಲದು. ಈ ವರ್ಷ ಇನ್ನೂ ದಪ್ಪ ಕೊಂಬಿನವರನ್ನು ಆರಿಸೋಣ."

ಅಯ್ಯೋ ಶಿವನೇ! ಉರಿಯುವ ಬೆಂಕಿಗೆ ಎಣ್ಣೆ ಸುರಿಯುವುದು ಎಂದರೆ ಇದೇ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಕೇಳಿದ್ದೀರಲ್ಲ? ಸುರುಳಪ್ಪನಿಗೆ ಅದರ ತಿರುಗುಮುರುಗು ಕಾಯಿಲೆ. ಹಿತ್ತಲ ಗಿಡ ಬಿಟ್ಟರೆ ಬೇರೆ ಯಾವುದೂ ಮದ್ದೇ ಅಲ್ಲ ಅವನಿಗೆ.

ಆ ವರ್ಷ ಮಳೆಗಾಲದ ಕೊನೆಯಲ್ಲಿ ನೆರೆ ಬಂತು. ನೀರು ಇಳಿದು ಬಯಲು ಒಣಗಿದ ಮರುದಿನ ಚೂಟಿ ರೆಕ್ಕೆ ಬಡಿದುಕೊಂಡು ಹಾರಿ ಬಂತು.

"ಅಕ್ಕಾ, ಅಕ್ಕಾ! ಕೆರೆ ದಡಕ್ಕೆ ಒಬ್ಬ ತೇಲಿ ಬಂದಿದ್ದಾನೆ! ಜೊಂಡಿನ ಕಂತೆ ಮೇಲೆ ರಾಜನ ಹಾಗೆ ಕೂತಿದ್ದಾನೆ. ಗಾತ್ರ ನೋಡಿದರೆ ಮೊಲ, ದನಿ ಕೇಳಿದರೆ ಟಗರು!"

ಮಂದೆಯೇ ಓಡಿ ಹೋಗಿ ನೋಡಿತು. ಅವನು ಟಗರೇ ಹೌದು. ಆದರೆ ಸುರುಳಪ್ಪನ ಹೊಟ್ಟೆಯ ಕೆಳಗೆ ನಿಂತರೂ ಬೆನ್ನು ತಾಗದಷ್ಟು ಗಿಡ್ಡ. ಕಂದು ಮೈ, ಅಗಲ ಗೊರಸು, ನುಣ್ಣನೆಯ ತಲೆ.

"ಯಾರಪ್ಪ ನೀನು? ಎಲ್ಲಿಂದ ಬಂದೆ?" ಎಂದು ಸುರುಳಪ್ಪ ಕೇಳಿದ.

"ನನ್ನ ಹೆಸರು ಗುಜ್ಜಣ್ಣ, ಯಜಮಾನರೇ. ದೂರದ ಜೌಗುನಾಡಿನವನು. ಮೊಣಕಾಲುದ್ದ ನೀರಿನಲ್ಲೇ ನಾವು ಮೇಯೋದು. ನೆರೆ ಕೊಚ್ಚಿಕೊಂಡು ಬಂತು."

"ಅದಿರಲಿ. ಕೊಂಬೆಲ್ಲಿ?"

"ನಮ್ಮಲ್ಲಿ ಯಾರಿಗೂ ಬರೋದಿಲ್ಲ. ಜೊಂಡಿನ ನಡುವೆ ನುಗ್ಗುವಾಗ ಕೊಂಬಿದ್ದರೆ ಸಿಕ್ಕಿಹಾಕಿಕೊಳ್ತದಲ್ಲ."

ಮಂದೆ ಬಿದ್ದು ಬಿದ್ದು ನಕ್ಕಿತು. ಸುರುಳಪ್ಪ ಅವನನ್ನು ಗುಡ್ಡಕ್ಕೆ ಕರೆದೊಯ್ದು, ತಮಾಷೆಗೆಂದೇ, ಅಳತೆಗಲ್ಲಿನ ಮುಂದೆ ನಿಲ್ಲಿಸಿದ. "ಹಾಕು ತಲೆ!"

ಗುಜ್ಜಣ್ಣ ತಲೆ ಹಾಕಿದ. ಕಿವಿಯವರೆಗೂ, ಕುತ್ತಿಗೆಯವರೆಗೂ ಸಲೀಸಾಗಿ ಒಳಗೆ ಹೋಯಿತು. ಗುಣಿಯಲ್ಲಿ ಮಳೆನೀರು ನಿಂತಿತ್ತು. ಸೊರ್ ಎಂದು ಒಂದಿಷ್ಟು ಕುಡಿದು ತಲೆ ಈಚೆ ತೆಗೆದ.

"ನೀರು ಚೆನ್ನಾಗಿದೆ," ಎಂದ.

ಮತ್ತೆ ನಗುವೋ ನಗು. ಹಾಲವ್ವ ಒಬ್ಬಳೇ ನಗಲಿಲ್ಲ. ಎಲ್ಲರೂ ಚದುರಿದ ಮೇಲೆ ಅವನ ಹತ್ತಿರ ಹೋದಳು.

"ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಾತು ಕೇಳಲಾ? ನಿಮ್ಮ ಅಮ್ಮ ಒಂದು ಸೂಲಿಗೆ ಎಷ್ಟು ಮರಿ ಹಾಕ್ತಾರೆ?"

ಗುಜ್ಜಣ್ಣನಿಗೆ ಆಶ್ಚರ್ಯ. ಬೆಳಗ್ಗಿನಿಂದ ಎಲ್ಲರೂ ಕೊಂಬು ಕೇಳಿದ್ದರು, ಅಮ್ಮನನ್ನು ಕೇಳಿದವಳು ಇವಳೊಬ್ಬಳೇ.

"ಎರಡು. ಒಮ್ಮೊಮ್ಮೆ ಮೂರು," ಎಂದ.

"ಎರಡಾ? ಒಂದೇ ಸಲಕ್ಕಾ?" ಹಾಲವ್ವನ ಕಿವಿ ನೆಟ್ಟಗಾಯಿತು. "ಎದ್ದು ನಿಲ್ತವಾ?"

"ಹುಟ್ಟಿದ ಗಳಿಗೆಯಲ್ಲೇ ಓಡ್ತವೆ. ತಲೆ ಹಗುರ ನೋಡಿ." ಅವನ ಮುಖ ಸ್ವಲ್ಪ ಬಾಡಿತು. "ಆದರೆ ನಮ್ಮ ಕಡೆ ತಾಯಂದಿರಿಗೆ ಹಾಲು ಕಡಿಮೆ. ಒಂದು ಕುಡಿದರೆ ಇನ್ನೊಂದಕ್ಕೆ ಹಸಿವು. ಕಾಲೂ ಗಿಡ್ಡ, ದೂರ ನಡೆಯೋಕೆ ಆಗೋದಿಲ್ಲ."

ಹಾಲವ್ವ ತನ್ನ ನೀಳ ಕಾಲು ನೋಡಿಕೊಂಡಳು. ಹಾಲು ಹರಿದು ಒದ್ದೆಯಾದ ನೆಲ ನೋಡಿದಳು. 'ಇವರಲ್ಲಿ ಮರಿ ಇದೆ, ಹಾಲಿಲ್ಲ. ನನ್ನಲ್ಲಿ ಹಾಲಿದೆ, ಮರಿಯಿಲ್ಲ. ಇವರಲ್ಲಿ ಇಲ್ಲದ ಕಾಲು ನಮ್ಮಲ್ಲಿದೆ, ನಮ್ಮಲ್ಲಿ ಇಲ್ಲದ ತಲೆ ಇವರಲ್ಲಿದೆ.'

ಮದುವೆಯ ದಿನ ಬಂತು. ದಪ್ಪ ಕೊಂಬಿನ ಮದುಮಕ್ಕಳು ಸಾಲಾಗಿ ನಿಂತರು. ಹಾಲವ್ವ ಅವರೆಲ್ಲರನ್ನೂ ದಾಟಿ ಸಾಲಿನ ಕೊನೆಗೆ ಹೋದಳು. ಅಲ್ಲಿಂದಲೂ ಮುಂದೆ ಹೋಗಿ, ಪೊದೆಯ ಪಕ್ಕ ಹುಲ್ಲು ಮೇಯುತ್ತಿದ್ದ ಗುಜ್ಜಣ್ಣನ ಬಳಿ ನಿಂತಳು.

"ನನಗೆ ಇವರು," ಎಂದಳು.

"ಹಾಲವ್ವ!" ಸುರುಳಪ್ಪ ಗುಡುಗಿದ. "ಕೊಂಬಿಲ್ಲದವನು ಈ ಮಂದೆಗೆ ಅಳಿಯನಾ? ಕುಲಕ್ಕೆ ಕೆಸರು ಮೆತ್ತಬೇಡ!"

"ಮಾವ, ಎರಡು ಸಲ ನಿಮ್ಮ ಅಳತೆಗಲ್ಲು ಹೇಳಿದ ಹಾಗೆ ಕೇಳಿದೆ. ಎರಡು ಮರಿಯನ್ನೂ ಮಣ್ಣಿಗೆ ಕೊಟ್ಟೆ. ಮೂರನೆಯದನ್ನು ಕೊಡೋದಿಲ್ಲ."

ಸುರುಳಪ್ಪ ಕಾಲು ಕೆರೆದ.

"ಹಾಗಾದರೆ ಹೊರಡು. ಕೆರೆಯ ಜೊಂಡಿನಲ್ಲಿ ಇವನ ಜೊತೆಗಿರು. ಮಳೆ ಬಂದು ನಾವು ಗುಡ್ಡ ಹತ್ತುವ ದಿನ ನಿನ್ನ ಮರಿಯೂ ಹತ್ತಬೇಕು, ಬಿದ್ದರೆ ಯಾರೂ ಎತ್ತಬಾರದು. ಅಳತೆಗಲ್ಲು ಮುಟ್ಟಿದರೆ ನೀವು ಮಂದೆಯವರು. ಇಲ್ಲದಿದ್ದರೆ ಜನ್ಮ ಇರುವ ತನಕ ಹೊರಗೆ."

"ಆಗಲಿ," ಎಂದಳು ಹಾಲವ್ವ. ಗುಜ್ಜಣ್ಣನ ಜೊತೆ ಗುಡ್ಡ ಇಳಿದು ಹೊರಟೇ ಬಿಟ್ಟಳು.

ಚಳಿಗಾಲ ಕಳೆಯಿತು. ಜೊಂಡಿನ ನಡುವೆ ಹೇಗೆ ಬದುಕಬೇಕೆಂದು ಗುಜ್ಜಣ್ಣ ಅವಳಿಗೆ ಕಲಿಸಿದ. "ಕೆಸರಿನಲ್ಲಿ ಓಡಬಾರದು. ಜೊಂಡಿನ ಬುಡ ನೋಡಿ ಕಾಲಿಡಬೇಕು. ಅಲ್ಲಿ ಬೇರು ಹೆಣೆದುಕೊಂಡು ಚಾಪೆ ಆಗಿರ್ತದೆ, ಹೂತು ಹೋಗೋದಿಲ್ಲ." ಹಾಲವ್ವ ಎಂಟು ಸಲ ಹೂತಳು, ಒಂಬತ್ತನೆಯ ಸಲ ದಾಟಿದಳು.

ಬೇಸಿಗೆಯ ಮೊದಲ ದಿನಗಳಲ್ಲಿ, ಬಿಸಿಲು ಏರುವ ಹೊತ್ತಿಗೆ ಅವಳು ಮರಿ ಹಾಕಿದಳು. ಕರಿಯ ಹೆಣ್ಣುಮರಿ. ಹಾಲವ್ವ ಉಸಿರು ಬಿಗಿಹಿಡಿದು ನೋಡಿದಳು. ಮರಿ ಅಲ್ಲಾಡಲಿಲ್ಲ.

"ಏಳು ಕಂದ," ಎಂದು ಮೂತಿಯಿಂದ ನೂಕಿದಳು. "ಏಳು ನನ್ನ ಚಿನ್ನ, ಏಳು!"

ಮರಿ ಒಂದು ಸೀನು ಸೀನಿತು. ಮುಂಗಾಲು ಊರಿತು, ಹಿಂಗಾಲು ಎತ್ತಿತು, ಎದ್ದೇ ಬಿಟ್ಟಿತು! ಹಾಲವ್ವನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಷ್ಟರಲ್ಲಿ ಹೊಟ್ಟೆಯಲ್ಲಿ ಮತ್ತೆ ನೋವು. ಕಂದು ಬಣ್ಣದ ಗಂಡುಮರಿಯೊಂದು ಜಾರಿ ಬಂತು, ಬಂದದ್ದೇ 'ಮ್ಯಾ' ಎಂದು ಕೂಗಿತು.

"ಚೂಟಿ! ಎಣಿಸೇ, ನನ್ನ ಕಣ್ಣು ಮಂಜಾಗಿದೆ!"

"ಒಂದು… ಎರಡು… ತಡಿ ಅಕ್ಕ, ಇನ್ನೊಂದು ಸಲ ಎಣಿಸ್ತೀನಿ. ಒಂದು, ಎರಡು. ಎರಡೇ! ಎರಡೂ ನಿಂತಿವೆ!"

ಮರಿಗಳು ಎರಡು ಕಡೆಯಿಂದ ನುಗ್ಗಿ ಹಾಲಿಗೆ ಬಾಯಿ ಹಾಕಿದವು. ಎರಡು ಬಾಲಗಳು ಪಟಪಟ ಅಲ್ಲಾಡಿದವು. ನೆಲಕ್ಕೆ ಒಂದು ತೊಟ್ಟೂ ಬೀಳಲಿಲ್ಲ. ಇರುವೆಗಳು ಬಂದು ಕಾದು ಕಾದು ವಾಪಸು ಹೋದವು.

"ಕೆಚ್ಚಲಿಗೆ ಎರಡು ತೊಟ್ಟು ಯಾಕೆ ಇರ್ತವೆ ಅಂತ ನನಗೆ ಇವತ್ತು ಗೊತ್ತಾಯ್ತು," ಎಂದಳು ಹಾಲವ್ವ. ಗುಜ್ಜಣ್ಣ ಬೇರೆ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ.

ಹೆಣ್ಣಿಗೆ ಚಿಮ್ಮಿ ಎಂದೂ ಗಂಡಿಗೆ ಕೆಂಚ ಎಂದೂ ಹೆಸರಿಟ್ಟರು. ತಾಯಿಯ ನೀಳ ಕಾಲು, ತಂದೆಯ ಅಗಲ ಗೊರಸು. ಎರಡು ತಿಂಗಳಿಗೆ ಜೊಂಡಿನ ಬುಡದಿಂದ ಬುಡಕ್ಕೆ ಕಪ್ಪೆಗಳಿಗಿಂತ ಜೋರಾಗಿ ನೆಗೆಯುತ್ತಿದ್ದವು.

ಅತ್ತ ಕೆರೆಯ ಇನ್ನೊಂದು ದಡಕ್ಕೆ ಇಳಿದಿದ್ದ ಮಂದೆಯಲ್ಲಿ ಆ ವರ್ಷವೂ ಹತ್ತು ಮರಿ ಹುಟ್ಟಿದ್ದವು. ಉಳಿದದ್ದು ಮೂರು. ಅದರಲ್ಲೊಂದು ಸುರುಳಪ್ಪನ ಮುದ್ದಿನ ಮೊಮ್ಮಗ. ತಲೆ ಅಷ್ಟು ದೊಡ್ಡದು ಎಂದು ಎಲ್ಲರೂ ಅದನ್ನು 'ಬುರುಡೆ' ಎಂದೇ ಕರೆಯುತ್ತಿದ್ದರು. ಅದರ ತಾಯಿಗೆ ಹಾಲು ಬತ್ತಿತ್ತು. ಪಾಪ, ಅದು ಗಲ್ಲವನ್ನು ಕಲ್ಲಿನ ಮೇಲೆ ಆನಿಸಿಕೊಂಡು ಮಲಗಿರುತ್ತಿತ್ತು.

ಒಂದು ಮಧ್ಯಾಹ್ನ ಗುಡುಗಿತು. ಮೊದಲ ಗುಡುಗಿಗೇ ಹೊರಡಬೇಕು ಎಂಬುದು ಹಿರಿಯರ ಮಾತು. ಎರೆಮಣ್ಣು ಒಮ್ಮೆ ನೆನೆಯಿತೆಂದರೆ ಗೊರಸಿಗೆ ಮೆತ್ತಿ ಮೆತ್ತಿ ಬಿಂದಿಗೆಯಷ್ಟು ದಪ್ಪ ಆಗಿಬಿಡುತ್ತದೆ, ಕಾಲು ಎತ್ತಲಾಗುವುದಿಲ್ಲ. ಹಾಲವ್ವ ಮರಿಗಳನ್ನು ಕರೆದುಕೊಂಡು ಮಂದೆಯ ಬಳಿಗೆ ಬಂದಳು. ಹಿಂದೆ ಗುಜ್ಜಣ್ಣ.

ಸುರುಳಪ್ಪ ಏನು ಮಾಡುತ್ತಿದ್ದ ಗೊತ್ತೇ? ಕೊಂಬಿಗೆ ಕೆಮ್ಮಣ್ಣು ಹಚ್ಚಿಸಿಕೊಳ್ಳುತ್ತಿದ್ದ!

"ಮಾವ, ಬೇಗ ಹೊರಡಿ. ಮೋಡ ಕವೀತಾ ಇದೆ," ಎಂದಳು ಹಾಲವ್ವ.

"ಬಣ್ಣವಿಲ್ಲದ ಕೊಂಬು ಹೊತ್ತು ಗುಡ್ಡ ಹತ್ತೋದಾ? ನನ್ನ ಮರ್ಯಾದೆ ಏನಾಗಬೇಕು?"

ಬಣ್ಣ ಹಚ್ಚಿ ಮುಗಿಯಿತು. ಹನಿ ಬಿತ್ತು, ಬಣ್ಣ ತೊಳೆದು ಹೋಯಿತು. "ಮತ್ತೆ ಹಚ್ಚಿ!" ಹಚ್ಚಿದರು. ಮತ್ತೆ ಹನಿ, ಮತ್ತೆ ತೊಳೆಯಿತು. "ಇನ್ನೊಂದು ಸಲ!" ಮೂರನೆಯ ಸಲ ಹಚ್ಚುವಾಗ ಆಕಾಶವೇ ಹರಿದುಬಿದ್ದಂತೆ ಮಳೆ ಸುರಿಯಿತು. ಬಯಲೆಲ್ಲ ರೊಜ್ಜು ರೊಜ್ಜಾಯಿತು.

"ನಡೆಯಿರಿ!" ಎಂದು ಸುರುಳಪ್ಪ ಮುಂದೆ ಹೊರಟ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವನ ನಾಲ್ಕೂ ಕಾಲಿಗೆ ಮಣ್ಣು ಮೆತ್ತಿಕೊಂಡಿತು. ನಿಂತ. ಅವನು ನಿಂತದ್ದರಿಂದ ಹಿಂದಿನವಳು ನಿಂತಳು. ಅವಳು ನಿಂತದ್ದರಿಂದ ಅವಳ ಹಿಂದಿನವಳು ನಿಂತಳು. ಕುರಿಗಳಲ್ಲವೇ! ಮುಂದಿನ ಬಾಲ ಅಲ್ಲಾಡದೆ ಹಿಂದಿನ ಕಾಲು ಏಳುವುದಿಲ್ಲ. ಇಡೀ ಮಂದೆ ಮಳೆಯಲ್ಲಿ ಕಲ್ಲಾಗಿ ನಿಂತಿತು.

ಈ ದಿನಕ್ಕಾಗಿ ಕಾದು ಕೂತವನೊಬ್ಬನಿದ್ದ. ಬಯಲಿನ ಅಂಚಿನ ಮುಳ್ಳುಕಂಟಿಯಿಂದ ತೋಳ ಎದ್ದು ಬಂತು.

"ಆಹಾ, ಬೀಗರೆಲ್ಲ ನಿಂತೇ ಇದ್ದೀರಾ? ಕೂತುಕೊಳ್ಳಿ, ಅವಸರವಿಲ್ಲ. ಒಬ್ಬೊಬ್ಬರನ್ನೇ ಮಾತಾಡಿಸ್ತೀನಿ," ಎಂದು ನಾಲಿಗೆ ಸವರಿಕೊಂಡಿತು.

ಹಾಲವ್ವ ಮರಿಗಳನ್ನು ಮೈಗೆ ಒತ್ತಿಕೊಂಡಳು. ಅವಳ ಎರಡು ಮರಿಗಳೂ ಇಲ್ಲೇ ಇವೆ, ಎರಡು ವರ್ಷ ಅತ್ತು ಪಡೆದ ಮರಿಗಳು! ಅವಳು ಪಕ್ಕದ ಹಳ್ಳದ ಕಡೆ ನೋಡಿದಳು. ಗುಡ್ಡದ ಬುಡದ ತನಕ ಜೊಂಡು ನಿಂತಿತ್ತು.

"ಹಳ್ಳದಲ್ಲಿ ಹೋಗಬಹುದಲ್ಲ? ನೀವು ಮುಂದೆ ನಡೆಯಿರಿ!" ಎಂದು ಗುಜ್ಜಣ್ಣನಿಗೆ ಹೇಳಿದಳು.

"ನೀರು ಏರಿದೆ ಹಾಲವ್ವ. ಬುಡದಿಂದ ಬುಡಕ್ಕೆ ನನ್ನ ಕಾಲು ಎಟಕೋದಿಲ್ಲ, ನಾನು ಈಜಿಕೊಂಡು ಬರಬೇಕು. ಮರಿಗಳು ಹೋಗಲಿ. ದಾರಿ ನಾನು ಕಲಿಸಿದ್ದೇನೆ, ಕಾಲು ನೀನು ಕೊಟ್ಟಿದ್ದೀಯ."

ಹಾಲವ್ವ ಒಂದು ಕ್ಷಣ ಕಣ್ಣು ಮುಚ್ಚಿದಳು. ತಾಯಿಗೆ ಅದು ಸುಲಭದ ಮಾತೇ? ಆಮೇಲೆ ಎರಡೂ ಮರಿಗಳ ನೆತ್ತಿ ಮೂಸಿ ಹೇಳಿದಳು. "ಚಿಮ್ಮಿ, ಕೆಂಚ, ಮುಂದೆ ಹೋಗಿ. ಹಿಂತಿರುಗಿ ನೋಡಬೇಡಿ. ಜೋರಾಗಿ ಕೂಗ್ತಾ ಹೋಗಿ."

ಚಿಮ್ಮಿ ನೆಗೆದಳು. ಕೆಂಚ ನೆಗೆದ. ಒಂದು ಬುಡ, ಇನ್ನೊಂದು ಬುಡ, ಮತ್ತೊಂದು! "ಮ್ಯಾ! ಮ್ಯಾ!" ಎಂದು ಕೂಗುತ್ತ ನೀರಿನ ಮೇಲೆ ಹಾರಿಕೊಂಡು ಹೋದವು. ಹಿಂದೆ ಹಾಲವ್ವ. ಮಂದೆ ಕತ್ತೆತ್ತಿ ನೋಡಿತು. ಮುಂದೆ ಒಂದು ಬಾಲ ಅಲ್ಲಾಡುತ್ತಿದೆ! ಕುರಿಗೆ ಇನ್ನೇನು ಬೇಕು? ಬಯಲು ಬಿಟ್ಟು, ಕಾಲು ಕಿತ್ತುಕೊಂಡು, ಒಂದರ ಹಿಂದೊಂದು ಹಳ್ಳಕ್ಕೆ ಇಳಿದವು. ಬೇರಿನ ಚಾಪೆಯ ಮೇಲೆ ಗೊರಸು ತೊಳೆದು ಹಗುರಾಯಿತು. ಬುರುಡೆಯನ್ನು ಅದರ ತಾಯಿ ಬಾಯಲ್ಲಿ ಕಚ್ಚಿಕೊಂಡು ದಾಟಿದಳು.

ಕೊನೆಗೆ ಉಳಿದವನು ಸುರುಳಪ್ಪ. ಹೇಗೋ ಹಳ್ಳದವರೆಗೆ ಬಂದ. ಜೊಂಡಿನೊಳಗೆ ತಲೆ ಹಾಕಿದ್ದೇ ತಡ, ಎರಡು ಸುತ್ತಿನ ಕೊಂಬಿಗೆ ಜೊಂಡು ಸುತ್ತಿ ಸುತ್ತಿ ಗಂಟು ಬಿತ್ತು. ಎಳೆದಷ್ಟೂ ಬಿಗಿಯಾಯಿತು. ಹಿಂದೆ ತೋಳದ ಪಚಪಚ ಹೆಜ್ಜೆ ಸದ್ದು. ತಿರುಗಿ ನೋಡೋಣ ಎಂದರೆ ಮೈ ತಿರುಗುವುದಿಲ್ಲ.

"ಯಾರಾದರೂ ಬನ್ನಿರೋ!" ಎಂದು ಯಜಮಾನ ಅತ್ತೇ ಬಿಟ್ಟ.

ನೀರಿನಿಂದ ಒಂದು ನುಣ್ಣನೆಯ ತಲೆ ಮೇಲೆದ್ದಿತು.

"ಅಲ್ಲಾಡಬೇಡಿ ಯಜಮಾನರೇ. ಇದು ನಮ್ಮ ಊರಿನ ಊಟ," ಎಂದು ಗುಜ್ಜಣ್ಣ ಕರಕರ ಜೊಂಡು ಅಗಿಯತೊಡಗಿದ. ಬಲಗೊಂಬು ಬಿಟ್ಟಿತು, ಎಡಗೊಂಬು ಬಿಟ್ಟಿತು. ಕೂಡಲೇ ಹಿಂದೆ ಹೋಗಿ, ತಲೆಯಿಟ್ಟು ಒಂದೇ ನೂಕು ನೂಕಿದ. ಕೊಂಬಿದ್ದವನು ಹಾಗೆ ನೂಕಿದ್ದರೆ ಸುರುಳಪ್ಪನ ಹಿಂಭಾಗದಲ್ಲಿ ಎರಡು ತೂತು ಬೀಳುತ್ತಿದ್ದವು! ನುಣ್ಣನೆಯ ತಲೆಯ ನೂಕಿಗೆ ಯಜಮಾನ ಸರ್ರನೆ ಬೇರಿನ ಚಾಪೆಗೆ ಹತ್ತಿದ.

ತೋಳಕ್ಕೆ ತಾಳ್ಮೆ ಎಲ್ಲಿ? ಸುತ್ತು ದಾರಿ ಯಾಕೆಂದು ನೇರವಾಗಿ ಹಾರಿತು. ಬುಡ ಸಿಗಲಿಲ್ಲ, ಕೆಸರು ಸಿಕ್ಕಿತು. ಕುತ್ತಿಗೆಯವರೆಗೆ ಹೂತು, ಕಣ್ಣು ಬಾಯಿ ಬಿಟ್ಟುಕೊಂಡು ಉಳಿಯಿತು. ಚೂಟಿ ಹೋಗಿ ಅದರ ನೆತ್ತಿಯ ಮೇಲೇ ಕೂತಿತು.

"ಕೂತುಕೊಳ್ಳಿ ಬೀಗರೇ, ಅವಸರವಿಲ್ಲ," ಎಂದು ಒಂದು ಕೂದಲು ಕಿತ್ತುಕೊಂಡು ಹಾರಿತು. ಮಳೆ ನಿಂತ ಮೇಲೆ ತೋಳ ಹೇಗೋ ತೆವಳಿಕೊಂಡು ಈಚೆ ಬಂತಂತೆ. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಮಂದೆ ಗುಡ್ಡದ ನೆತ್ತಿ ತಲುಪಿತು. ಎಲ್ಲರಿಗಿಂತ ಮೊದಲು ಚಿಮ್ಮಿಯೂ ಕೆಂಚನೂ ಹೋಗಿ ಅಳತೆಗಲ್ಲಿಗೆ ಮೂಗು ಮುಟ್ಟಿಸಿ ನಿಂತಿದ್ದವು. ದಾರಿಯಲ್ಲಿ ಎಲ್ಲೂ ಬಿದ್ದಿರಲಿಲ್ಲ, ಯಾರೂ ಎತ್ತಿರಲಿಲ್ಲ.

ಹಾಲವ್ವ ನೇರವಾಗಿ ಬುರುಡೆಯ ಬಳಿ ಹೋದಳು. ಅದು ಚಳಿಗೆ ನಡುಗುತ್ತ ಗಲ್ಲವನ್ನು ನೆಲಕ್ಕೆ ಆನಿಸಿ ಬಿದ್ದಿತ್ತು. ಅವಳು ಅದರ ಪಕ್ಕದಲ್ಲೇ ಮಲಗಿ, ಕೆಚ್ಚಲನ್ನು ಅದರ ಬಾಯಿಗೆ ಒಡ್ಡಿದಳು. ತಲೆ ಎತ್ತುವ ಕಷ್ಟವೇ ಇರಲಿಲ್ಲ. ಬುರುಡೆ ಕುಡಿಯಿತು. ಸ್ವಲ್ಪ ಹೊತ್ತಿಗೆ ಅದರ ಬಾಲವೂ ಪಟಪಟ ಅಲ್ಲಾಡಿತು.

ಸುರುಳಪ್ಪ ಕೊಂಬಿನ ತುಂಬ ಕೆಸರು ಹೊತ್ತು ಬಂದು ನಿಂತ. ಮೊಮ್ಮಗನನ್ನು ನೋಡಿದ, ಹಾಲವ್ವನನ್ನು ನೋಡಿದ.

"ನ್ಯಾಯವಾಗಿ ನೀನು ಗೆದ್ದೆ ಮಗಳೇ," ಎಂದ. ಅವನ ಕಣ್ಣಿನಿಂದ ನೀರು ಇಳಿಯಿತು. "ಹಗೆ ಸಾಧಿಸಬಹುದಿತ್ತು. ನೀನು ನನ್ನ ಮೊಮ್ಮಗನಿಗೆ ಹಾಲು ಕೊಟ್ಟೆ. ನಾನು ಇಷ್ಟು ವರ್ಷ ಕೊಂಬನ್ನೇ ಅಳೆದೆ, ಮರಿಗಳನ್ನು ಅಳೆಯಲೇ ಇಲ್ಲ."

"ಮಾವ, ಅತ್ತದ್ದು ಸಾಕು. ನಿಮ್ಮ ಅಳಿಯ ಒದ್ದೆಯಾಗಿ ನಿಂತಿದ್ದಾರೆ, ಒಳಗೆ ಕರೆಯಿರಿ," ಎಂದಳು ಹಾಲವ್ವ.

ಸುರುಳಪ್ಪ ಮೈ ತಿರುಗಿಸಿ, ಭಾರದ ತಲೆಯನ್ನು ಗುಜ್ಜಣ್ಣನ ಕಾಲಿನವರೆಗೆ ಬಗ್ಗಿಸಿದ. "ಬನ್ನಿ ಅಳಿಯಂದಿರೇ, ಒಳಗೆ ಬನ್ನಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ಕೇಳಿದ್ದೆ, ಇವತ್ತು ಕಂಡೆ."

ಮಂದೆಯೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ಗವಿಯ ಬಾವಲಿಗಳೆಲ್ಲ ಹಾರಿ ಹೋದವು.

ಮುಂದಿನ ಮದುವೆಯ ದಿನ ಏನಾಯಿತು ಗೊತ್ತೇ? ಮಂದೆಯ ಹೆಣ್ಣುಗಳೆಲ್ಲ ದಪ್ಪ ಕೊಂಬಿನವರನ್ನು ಬಿಟ್ಟು ಗುಜ್ಜಣ್ಣನ ಮುಂದೆ ಸಾಲು ನಿಂತರು. ಅವನು ಗಾಬರಿಯಾಗಿ ಹಿಂದೆ ಹಿಂದೆ ಸರಿದ.

"ಅಯ್ಯಯ್ಯೋ, ಎಲ್ಲರೂ ನನ್ನನ್ನೇ ಆರಿಸಿದರೆ ಮತ್ತೆ ಅದೇ ಹಾಡು ಅದೇ ರಾಗ ಆಗ್ತದೆ! ನನ್ನ ಮಕ್ಕಳೇ ನನ್ನ ಮಕ್ಕಳನ್ನು ಮದುವೆಯಾಗೋದು ಬೇಡ. ಚೂಟಿಯನ್ನು ಜೌಗುನಾಡಿಗೂ ಕಳಿಸೋಣ, ಗುಡ್ಡದಾಚೆಗೂ ಕಳಿಸೋಣ. ಬೇರೆ ಬೇರೆ ಮನೆಯ ಗಂಡುಗಳು ಬರಲಿ. ಇಲ್ಲಿಯ ಗಟ್ಟಿ ಕಾಲಿನ, ಹಗುರ ತಲೆಯ ಗಂಡುಗಳೂ ನಿಲ್ಲಲಿ. ಕೇಳೋದಾದರೆ ಹಾಲವ್ವ ನನ್ನನ್ನು ಕೇಳಿದ ಪ್ರಶ್ನೆಯನ್ನೇ ಕೇಳಿ."

ಹಾಗೇ ಮಾಡಿದರು. ಮರುವರ್ಷ ಆ ಮಂದೆಯಲ್ಲಿ ಹುಟ್ಟಿದ ಮರಿಗಳು ಹತ್ತೊಂಬತ್ತು. ಉಳಿದವು ಎಷ್ಟು? ಹತ್ತೊಂಬತ್ತೂ! ಚೂಟಿ ಮೂರು ಸಲ ಎಣಿಸಿ, ಮೂರು ಸಲವೂ ಸುಸ್ತಾಗಿ ಕೂತುಬಿಟ್ಟಿತು. ಬುರುಡೆಯೂ ಹಾಲು ಕುಡಿದು ಕುಡಿದು ಮೈಯನ್ನು ತಲೆಗೆ ಸರಿಯಾಗಿ ಬೆಳೆಸಿಕೊಂಡು, ಪುಟ್ಟ ಮರಿಗಳ ಹಿಂದೆ ಓಡುತ್ತಿತ್ತು.

ಅಳತೆಗಲ್ಲು ಈಗಲೂ ಗುಡ್ಡದ ನೆತ್ತಿಯಲ್ಲೇ ಇದೆ. ಅದರ ಗುಣಿಗೆ ಯಾರೂ ಕೊಂಬು ಹಾಕುವುದಿಲ್ಲ. ಮಳೆ ಬಂದಾಗ ಅದರಲ್ಲಿ ನೀರು ತುಂಬುತ್ತದೆ, ಮರಿಗಳು ಸುತ್ತ ನಿಂತು ಕುಡಿಯುತ್ತವೆ. ಮುದುಕ ಸುರುಳಪ್ಪ ಪಕ್ಕದಲ್ಲೇ ಕೂತು, ಇಡೀ ಮೈ ತಿರುಗಿಸಿ ಅವುಗಳನ್ನು ನೋಡಿ ಹೇಳುತ್ತಾನೆ.

"ಕುಡಿಯಿರಿ ಮಕ್ಕಳೇ, ಕುಡಿಯಿರಿ. ನೀರು ಚೆನ್ನಾಗಿದೆ ಅಂತ ನಿಮ್ಮ ಅಜ್ಜ ಗುಜ್ಜಣ್ಣ ಮೊದಲೇ ಹೇಳಿದ್ದರು."

ನೀತಿ: ತನ್ನದೇ ದೊಡ್ಡದೆಂದು ಬಾಗಿಲು ಮುಚ್ಚಿದ ಮನೆ ಸೊರಗುತ್ತದೆ, ತನ್ನ ಒಳ್ಳೆಯದರ ಜೊತೆ ಹೊರಗಿನ ಒಳ್ಳೆಯದನ್ನೂ ಕೂಡಿಸಿಕೊಂಡ ಮನೆ ಬೆಳೆಯುತ್ತದೆ.